ಎರಡು ಅಂಗಡಿಗಳ ನಡುವಿನ ಗೋಡೆ

ರಾಜೇಂದ್ರನ್ ಫೋನ್ ಮಾಡಿದಾಗ ಮಣಿಮೇಗಲೈ ವೇದಸಂದೂರಿನ ನೂಲಿನ ಗಿರಣಿಯೊಂದರ ಅರ್ಧ ಎದ್ದ ಷೆಡ್ಡಿನಲ್ಲಿ ನಿಂತಿದ್ದಳು. ಮೂಲೆಯಲ್ಲಿ ಓರೆಯಾಗಿ ಕೊಡುವ ಕಬ್ಬಿಣದ ಪಟ್ಟಿಗಳು ಲಾರಿ ತಿರುಗಿಸಲು ಅಡ್ಡ, ತೆಗೆದುಬಿಡಿ ಎಂದು ಮಾಲೀಕರು. ತೆಗೆದರೆ ಗಾಳಿಗೆ ಷೆಡ್ಡೇ ವಾಲುತ್ತದೆ ಎಂದು ಅವಳು. ಬೆಳಗಿನಿಂದ ಇದೇ ಮಾತು ಗಾಣದೆತ್ತಿನ ಹಾಗೆ ಸುತ್ತುತ್ತಿತ್ತು. ಗಂಟಲು ಒಣಗಿತ್ತು. ಎಡಮಂಡಿ ನೋಯುತ್ತಿತ್ತು.

"ಮೇಡಂ, ತೇನಿಯಿಂದ ಮಾತಾಡ್ತಿದ್ದೀನಿ. ನೀವು ಡಿಸೈನ್ ಮಾಡಿದ ಅಪಾರ್ಟ್‌ಮೆಂಟಿನ ಸಂಘದ ಕಾರ್ಯದರ್ಶಿ ನಾನು, ರಾಜೇಂದ್ರನ್. ರಿಟೈರ್ಡ್ ಹೆಡ್‌ಮಾಸ್ಟರು," ಎಂದಿತು ಆ ಕಡೆಯ ದನಿ. "ನಮ್ಮ ಬಿಲ್ಡಿಂಗು ಅಲ್ಲಾಡುತ್ತೆ ಅಂತಾರೆ."

"ಯಾರು ಅಂತಾರೆ?"

"ನನ್ನ ಹೆಂಡತಿ," ಎಂದರು ಹೆಡ್‌ಮಾಸ್ಟರು, ಹೇಳಬಾರದ್ದನ್ನು ಹೇಳಿದವರ ಹಾಗೆ.

ನಾಳೆ ಬರುತ್ತೇನೆ ಎಂದು ಮಣಿಮೇಗಲೈ ಫೋನ್ ಇಟ್ಟಳು. ಪಟ್ಟಿ ತೆಗೆಯುವ ಮಾತು ಅಲ್ಲಿಗೆ ನಿಂತಿತು. ಮಾಲೀಕರು ಸೋತದ್ದರಿಂದಲ್ಲ, ಊಟದ ಹೊತ್ತಾದದ್ದರಿಂದ.

ನಲವತ್ತೆಂಟರ ಹತ್ತಿರ ಬಂದ ಮಣಿಮೇಗಲೈ ಬದುಕಿನ ಅರ್ಧವನ್ನು ಇಂಥ ವಾದದಲ್ಲೇ ಸವೆಸಿದ್ದಳು. ಹುಟ್ಟಿದ್ದು ಚಿನ್ನಮನೂರಿನ ಪಕ್ಕದ ಮಾರ್ಕಯನ್‌ಕೋಟ್ಟೈಯಲ್ಲಿ, ಬಾಳೆ ಬೆಳೆಯುವ ಮನೆಯಲ್ಲಿ. ಹೊಸ್ತಿಲ ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಯಾವ ಕಾಲದಲ್ಲೋ ಬಡಗಣ ನಾಡಿನಿಂದ ಇಳಿದು ಬಂದ ಒಕ್ಕಲು ಅವರದು. ಪ್ಲಸ್ ಟೂ ಮುಗಿದಾಗ ಹೆಣ್ಣುಮಗಳನ್ನು ಮದುರೆಯ ಹಾಸ್ಟೆಲಿಗೆ ಕಳಿಸಲು ಅಪ್ಪ ಒಪ್ಪಿರಲಿಲ್ಲ. ಆಗ ಅವ್ವನ ತಮ್ಮ ಪಳನಿಸಾಮಿ ಮಾವ ಬಂದು ಜಗಲಿಯ ಮೇಲೆ ಕೂತರು. ಚಿನ್ನಮನೂರಿನಲ್ಲಿ ಬಾಳೆ ಮಂಡಿ ಇಟ್ಟಿದ್ದ ಮಾವನ ಮಾತಿಗೆ ನೆಂಟರೊಳಗೆ ತೂಕವಿತ್ತು. "ಮದ್ವೆ ಎಲ್ಲಿಗೂ ಓಡೋಗಾಕಿಲ್ಲ, ಓದು ಓಡೋಯ್ತದೆ," ಎಂದು ಅಪ್ಪನ ಬಾಯಿ ಕಟ್ಟಿದರು. ಅವಳ ಟ್ರಂಕನ್ನು ತಾವೇ ಬಸ್ಸಿನ ಮೇಲೆ ಏರಿಸಿ, ಮದುರೆಯವರೆಗೂ ಬಂದು, ಹಾಸ್ಟೆಲಿನ ಬಾಗಿಲಲ್ಲಿ ಬಿಟ್ಟು ಹೋದರು. ನೆಂಟರಿಷ್ಟರಲ್ಲಿ ಮೊದಲ ಹೆಣ್ಣು ಎಂಜಿನಿಯರು ಅವಳು. ಅದನ್ನು ಅವಳಿಗಿಂತ ಹೆಚ್ಚು ಸಲ ಹೇಳಿಕೊಂಡು ತಿರುಗಿದವರು ಮಾವ.

ಕೊಯಮತ್ತೂರಿನಲ್ಲಿ ಕೆಲವು ವರ್ಷ ಕೆಲಸ, ಆಮೇಲೆ ಗಿರಣಿಯಲ್ಲಿ ಮ್ಯಾನೇಜರಾಗಿದ್ದ ಸೆಂದಿಲ್‌ಕುಮಾರನೊಂದಿಗೆ ಮದುವೆ, ಆಮೇಲೆ ದಿಂಡಿಗಲ್ಲಿನಲ್ಲಿ ಎರಡು ಕೋಣೆಯ ಆಫೀಸು. ಮನೆ, ಕಲ್ಯಾಣಮಂಟಪ, ಗಿರಣಿಯ ಷೆಡ್ಡು, ಇವೇ ಹೆಚ್ಚು. ಎತ್ತರದ ಕಟ್ಟಡ ಅಂತ ಅವಳ ಕೈಗೆ ಬಂದದ್ದು ಒಂದೇ, ತೇನಿಯಿಂದ ಕಂಬಂ ಕಡೆಗೆ ಹೋಗುವ ದಾರಿಯಲ್ಲಿರುವ ಹದಿನೈದು ಮಹಡಿಯ ಈ ಅಪಾರ್ಟ್‌ಮೆಂಟು.

ಅದಕ್ಕಾಗಿ ಅವಳು ಪಟ್ಟ ಪಾಡು ಅಷ್ಟಿಷ್ಟಲ್ಲ. ಆ ಕಣಿವೆಯಲ್ಲಿ ಆಡಿ ತಿಂಗಳು, ಅಂದರೆ ಆಷಾಢ, ಬಂತೆಂದರೆ ಕೇರಳದ ಬೆಟ್ಟಗಳ ಸಂದಿನಿಂದ ಗಾಳಿ ನುಗ್ಗುತ್ತದೆ. ಆಡಿ ಗಾಳಿಗೆ ಅರೆಯುವ ಕಲ್ಲೂ ಹಾರುತ್ತದೆ ಎಂಬ ಮಾತು ಅಲ್ಲಿಯವರಿಗೆ ಬರೀ ಗಾದೆಯಲ್ಲ. ಕಟ್ಟಡದ ಅಗಲದ ಮುಖ ಸರಿಯಾಗಿ ಆ ಗಾಳಿಗೆ ಎದೆ ಕೊಟ್ಟು ನಿಂತಿತ್ತು. ಅದನ್ನು ತಡೆಯಲು ಬುಡದಿಂದ ತಾರಸಿಯವರೆಗೆ ಕಾಂಕ್ರೀಟಿನ ಗೋಡೆಗಳು ಬೇಕಿದ್ದವು. ಹಲಗೆಯನ್ನು ಮಲಗಿಸಿ ಹಿಡಿದರೆ ಬಾಗುತ್ತದೆ, ಅಂಚಿನ ಮೇಲೆ ನಿಲ್ಲಿಸಿ ಹಿಡಿದರೆ ಜಗ್ಗುವುದಿಲ್ಲವಲ್ಲ, ಹಾಗೆ ಗಾಳಿಗೆ ಅಂಚು ಕೊಟ್ಟು ನಿಂತ ಉದ್ದುದ್ದ ಗೋಡೆಗಳು. ಬಡಗಣ ತುದಿಯಲ್ಲೊಂದು, ಲಿಫ್ಟಿನ ಸುತ್ತ ಕೆಲವು, ತೆಂಕಣ ತುದಿಯಲ್ಲೊಂದು. ತೆಂಕಣ ಗೋಡೆ ನೆಲಮಹಡಿಯಲ್ಲಿ ಎರಡು ಅಂಗಡಿಗಳ ನಡುವೆ ಬರುತ್ತಿತ್ತು. ಅದನ್ನು ಮೊದಲ ಮಹಡಿಗೇ ನಿಲ್ಲಿಸಿ, ಕೆಳಗೆ ಬರೀ ಕಂಬ ಕೊಡಿ ಎಂದು ಬಿಲ್ಡರು ಹಟ ಹಿಡಿದಿದ್ದರು. ಕೊನೆಗೆ ಅವಳು, ಆ ಗೋಡೆ ನೆಲ ಮುಟ್ಟದಿದ್ದರೆ ನನ್ನ ಸಹಿ ಇಲ್ಲ ಎಂದು ಎದ್ದು ಬಂದಿದ್ದಳು. ಗೋಡೆ ನೆಲ ಮುಟ್ಟಿತು. ಬಿಲ್ಡರು ಆಮೇಲೆ ಅವಳಿಗೆ ಬೇರೆ ಕೆಲಸ ಕೊಡಲಿಲ್ಲ.

ಮಾರನೆಯ ದಿನ ಬತ್ತಲಗುಂಡಿನ ಮೇಲೆ ಬಸ್ಸಿನಲ್ಲಿ ತೇನಿಗೆ ಹೋದಳು. ದಾರಿಯುದ್ದಕ್ಕೂ ಆಡಿಯ ಗಾಳಿ. ಬಸ್ಸಿನಿಂದ ಇಳಿದಾಗ ಸೀರೆಯ ಸೆರಗು ಹಿಡಿದುಕೊಳ್ಳಲು ಎರಡು ಕೈ ಬೇಕಾಯಿತು.

ಹದಿಮೂರನೇ ಮಹಡಿಯ ತೆಂಕಣ ತುದಿಯಲ್ಲಿ ಹೆಡ್‌ಮಾಸ್ಟರ ಮನೆ. ಬಾಗಿಲು ತೆರೆದವರು ಅವರ ಹೆಂಡತಿ ಅಮುದಾ. ಅರವತ್ತು ದಾಟಿದ ಸಣಕಲು ಹೆಂಗಸು. ಮನೆಯೊಳಗೆ ಗೋಡೆ ಹಿಡಿದುಕೊಂಡೇ ಓಡಾಡುತ್ತಿದ್ದರು.

"ತಲೆಸುತ್ತು," ಎಂದರು ರಾಜೇಂದ್ರನ್. "ಹೋದ ವರ್ಷದಿಂದ. ಡಾಕ್ಟರು ಕಿವಿಯೊಳಗಿನ ತೊಂದರೆ ಅಂದರು, ಮಾತ್ರೆ ಕೊಟ್ಟಿದ್ದಾರೆ. ಆದರೂ ಇವಳು ಬಿಲ್ಡಿಂಗೇ ಅಲ್ಲಾಡುತ್ತೆ ಅಂತ ಹಟ. ಆ ತುದಿಯ ಮನೆಯವರನ್ನ ಕೇಳಿದೆ, ಅವರಿಗೆ ಏನೂ ಗೊತ್ತಾಗಿಲ್ಲವಂತೆ. ಮಕ್ಕಳಿಗೂ ಹೇಳಿ ನಗೆಪಾಟಲಾಯ್ತು. ನೀವೇ ನೋಡಿ ಒಂದು ಮಾತು ಹೇಳಿಬಿಡಿ ಮೇಡಂ, ಇವಳ ಸಮಾಧಾನಕ್ಕೆ."

ಅಮುದಾ ದೇವರ ಮೂಲೆಯತ್ತ ಕೈ ತೋರಿಸಿದರು. ಅಲ್ಲಿ ಚಾವಣಿಯಿಂದ ಉದ್ದ ಸರಪಳಿಯಲ್ಲಿ ಹಿತ್ತಾಳೆಯ ತೂಗುದೀಪ ಇಳಿಬಿದ್ದಿತ್ತು. ಅದು ಮೆಲ್ಲಗೆ ತೂಗುತ್ತಿತ್ತು.

"ಫ್ಯಾನಿನ ಗಾಳಿ," ಎಂದರು ರಾಜೇಂದ್ರನ್.

ಮಣಿಮೇಗಲೈ ಫ್ಯಾನ್ ಆರಿಸಿದಳು. ಕಿಟಕಿಗಳನ್ನೆಲ್ಲ ಮುಚ್ಚಿಸಿದಳು. ದೀಪವನ್ನು ಕೈಯಿಂದ ಹಿಡಿದು ನಿಲ್ಲಿಸಿ, ಬಿಟ್ಟು, ಹಿಂದೆ ಸರಿದು ನಿಂತಳು. ಮೂವರೂ ನೋಡುತ್ತ ನಿಂತರು. ಹೊರಗೆ ಗಾಳಿ ಒಂದು ಸಲ ಮೊರೆದು ಬಂತು. ದೀಪ ಅಳುಕಿತು. ಇನ್ನೊಂದು ಸಲ ಬಂತು. ದೀಪ ತೂಗತೊಡಗಿತು, ಯಾರೋ ಕಾಣದ ಕೈ ಜೋಗುಳಕ್ಕೆ ತೂಗಿದ ಹಾಗೆ, ಗಾಳಿ ಬರುವ ದಿಕ್ಕಿಗೂ ಹೋಗುವ ದಿಕ್ಕಿಗೂ.

ಅವಳು ಫೋನನ್ನು ನೆಲದ ಮೇಲಿಟ್ಟು, ಅಲುಗಾಟ ಅಳೆಯುವ ಆ್ಯಪ್ ತೆರೆದಳು. ಪರದೆಯ ಮೇಲೆ ಗೆರೆ ಏರಿಳಿಯಿತು. ನೋಡುವ ಮೊದಲೇ ಅವಳ ಅಂಗಾಲಿಗೆ ಗೊತ್ತಾಗಿತ್ತು.

"ಅಮ್ಮಾ, ಕಟ್ಟಡ ಅಲ್ಲಾಡ್ತಾ ಇದೆ," ಎಂದಳು. "ಅಲ್ಲಾಡಬೇಕಾದ್ದಕ್ಕಿಂತ ಹೆಚ್ಚು."

ಅಮುದಾ ಸೋಫಾದ ಅಂಚಿನ ಮೇಲೆ ಕೂತರು. "ಹಾಗಾದರೆ ನನ್ನ ತಲೆ ಸರಿಯಾಗಿದೆಯಾ?" ಎಂದರು.

"ಸರಿಯಾಗಿದೆ."

"ಒಂದು ವರ್ಷ ಅಮ್ಮಾ," ಎಂದು ಅಮುದಾ ಸೆರಗಿನಿಂದ ಮುಖ ಮುಚ್ಚಿಕೊಂಡರು. ರಾಜೇಂದ್ರನ್ ಕಿಟಕಿಯ ಕಡೆ ತಿರುಗಿ ನಿಂತರು.

ಮಣಿಮೇಗಲೈ ಬಡಗಣ ತುದಿಯ ಮನೆಗೂ ಹೋಗಿ ಅದೇ ಫೋನನ್ನು ನೆಲದ ಮೇಲಿಟ್ಟಳು. ಅಲ್ಲಿ ಗೆರೆ ಹೆಚ್ಚುಕಡಿಮೆ ನೆಟ್ಟಗಿತ್ತು. ಆ ಮನೆಯವರು ಸುಳ್ಳು ಹೇಳಿರಲಿಲ್ಲ.

ಬಸ್ಸಿನಲ್ಲಿ ಹಿಂದಿರುಗುವಾಗ ಅವಳು ಹಳೆಯ ಲೆಕ್ಕಗಳನ್ನು ಮನಸ್ಸಿನಲ್ಲೇ ತಿರುವಿ ಹಾಕಿದಳು. ಮೊದಲ ಅನುಮಾನ ತನ್ನ ಮೇಲೆಯೇ. ಕಾಂಕ್ರೀಟಿನ ಗೋಡೆ ಕಾಗದದ ಮೇಲೆ ಇದ್ದಷ್ಟು ಬಿಗಿಯಾಗಿ ನೆಲದ ಮೇಲೆ ಇರುವುದಿಲ್ಲ. ಗಾಳಿಗೆ ಬಾಗಿ ಬಾಗಿ ಕೂದಲೆಳೆಯ ಬಿರುಕು ಬಿಡುತ್ತದೆ. ಬಿರುಕು ಬಿಟ್ಟಷ್ಟೂ ಬಿಗಿ ಸಡಿಲುತ್ತದೆ. ಎಷ್ಟು ಸಡಿಲುತ್ತದೆ ಎಂದು ಮೊದಲೇ ಅಂದಾಜು ಮಾಡಿ ಕಳೆಯಬೇಕು. ತಾನು ಕಳೆದದ್ದು ಕಡಿಮೆಯಾಯಿತೇ? ಬಿಲ್ಡರ ಜೊತೆ ಜಗಳವಾಡಿ ಸುಸ್ತಾದ ದಿನಗಳವು. ಸುಸ್ತಿನಲ್ಲಿ ಎಲ್ಲಿಯಾದರೂ ಕಣ್ಣು ತಪ್ಪಿತೇ?

ಹಳೆಯ ಕಂಪ್ಯೂಟರಿನಿಂದ ಆ ಕಟ್ಟಡವನ್ನು ಮತ್ತೆ ತೆರೆದಳು. ಗೋಡೆಗಳ ಬಿಗಿಯನ್ನು ಇನ್ನೂ ಇಳಿಸಿ ಗಾಳಿ ಬೀಸಿಸಿ ನೋಡಿದಳು. ಅರ್ಧಕ್ಕೆ ಇಳಿಸಿದಳು. ಕಟ್ಟಡ ಹೆಚ್ಚು ಜಗ್ಗಿತು, ನಿಜ; ಆದರೆ ಎರಡು ತುದಿಯೂ ಒಂದೇ ಸಮ ಜಗ್ಗಿತು. ಅಮುದಾ ಅವರ ತುದಿ ತೂಗಾಡಿ ಆ ತುದಿ ಸುಮ್ಮನಿರುವ ಆಟ ಬರಲೇ ಇಲ್ಲ. ಬೇಸರಕ್ಕೆ, ತೆಂಕಣ ಗೋಡೆಯನ್ನು ನೆಲಮಹಡಿಯಲ್ಲಿ ಅಳಿಸಿ ನೋಡಿದಳು. ಪರದೆಯ ಮೇಲೆ ಕಟ್ಟಡ ಬಡಗಣ ತುದಿಯನ್ನು ಊರಿಕೊಂಡು ತೆಂಕಣ ತುದಿಯನ್ನು ತಿರುಚಿತು, ಒಂದೇ ಗೂಟಕ್ಕೆ ಕಟ್ಟಿದ ಹಸು ತಿರುಗುವ ಹಾಗೆ.

ಅವಳು ಕುರ್ಚಿಗೆ ಒರಗಿದಳು. ಆ ಗೋಡೆಯ ಎರಡು ಪಕ್ಕದ ಅಂಗಡಿಗಳು ಯಾರವು ಎಂದು ಅವಳಿಗೆ ಗೊತ್ತಿತ್ತು. ಕಟ್ಟಡ ಮುಗಿದ ಹೊಸದರಲ್ಲಿ, ನನ್ನ ಅಕ್ಕನ ಮಗಳು ಕಟ್ಟಿದ ಬಿಲ್ಡಿಂಗು ಎಂದು ಊರಿಗೆಲ್ಲ ಸಾರಿ, ಎರಡನ್ನೂ ಕೊಂಡವರು ಪಳನಿಸಾಮಿ ಮಾವ.

ಈಗ ಅಲ್ಲಿ ಬಟ್ಟೆಯ ಶೋರೂಮಿತ್ತು. ಹೋದ ವರ್ಷ ಅದರ ಆರಂಭಕ್ಕೆ ಮಾವ ಕರೆದಿದ್ದರು. ಸೈಟಿನಲ್ಲಿ ಕಾಂಕ್ರೀಟ್ ಹಾಕುವ ದಿನ ಅಂತ ಅವಳು ಹೋಗಿರಲಿಲ್ಲ. ಈಗ ಹೋದಳು. ಗಾಜಿನ ಬಾಗಿಲು ತಳ್ಳಿ ಒಳಗೆ ಕಾಲಿಟ್ಟರೆ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಒಂದೇ ಹಾಲ್. ಬೆಳಕೇ ಬೆಳಕು.

"ಏನು ನೋಡ್ತೀರಿ ಅಕ್ಕಾ? ಸೀರೆಯಾ, ಚೂಡಿದಾರಾ?" ಎಂದಳು ಮಾರುವ ಹುಡುಗಿ.

ಗೋಡೆ ಎಂದು ಅವಳ ಬಾಯಿಗೆ ಬಂದಿತ್ತು. ಮ್ಯಾನೇಜರನ್ನು ಕರೆಸಿ, ತಾನು ಯಾರೆಂದು ಹೇಳಿ, ಫಾಲ್ಸ್ ಸೀಲಿಂಗಿನ ಒಂದು ಹಲಗೆ ತೆಗೆಸಿದಳು. ಸ್ಟೂಲಿನ ಮೇಲೆ ಹತ್ತಿ ಟಾರ್ಚು ಹಿಡಿದಳು. ಮೇಲಿನ ಗೋಡೆ ಅಲ್ಲಿಗೆ ಬಂದು ತಟ್ಟನೆ ಮುಗಿದಿತ್ತು. ಕೊಯ್ದ ಅಂಚು ನುಣ್ಣಗಿತ್ತು. ಅದರಲ್ಲಿ ಕಬ್ಬಿಣದ ಸರಳುಗಳ ತುದಿಗಳು ಸಾಲಾಗಿ ಚುಕ್ಕೆಗಳ ಹಾಗೆ ಹೊಳೆದವು. ಕೊಯ್ದ ಬಾಯಿಯ ಮೂಲೆಯಿಂದ ಮೇಲಕ್ಕೆ ಒಂದು ಓರೆ ಬಿರುಕು ಹೊರಟಿತ್ತು, ಬೆರಳಿನ ಉಗುರು ಹೋಗುವಷ್ಟು. ಎರಡು ಬದಿಯಲ್ಲಿ ಉಳಿದ ಗೋಡೆಯ ತುಂಡುಗಳಿಗೆ ಕನ್ನಡಿ ಅಂಟಿಸಿದ್ದರು. ಗಿರಾಕಿಗಳು ಅದರ ಮುಂದೆ ಸೀರೆ ಹೆಗಲಿಗೆ ಹಾಕಿಕೊಂಡು ನೋಡುತ್ತಿದ್ದರು.

ಸ್ಟೂಲಿನಿಂದ ಇಳಿದವಳೇ ಅವಳು ಚಿನ್ನಮನೂರಿನ ಬಸ್ಸು ಹತ್ತಿದಳು.

ಮಂಡಿಯಲ್ಲಿ ಮಾವ ಬಾಳೆಗೊನೆಗಳ ನಡುವೆ ಮರದ ಕುರ್ಚಿಯಲ್ಲಿ ಕೂತಿದ್ದರು. ಅವಳನ್ನು ಕಂಡು ಮುಖ ಅರಳಿತು. "ಬಾರಮ್ಮಾ ಎಂಜಿನಿಯರ್! ಏನಿದು ಹಿಂಗೆ ಒಣಗೋಗಿದ್ದೀಯ? ಉಣ್ಣಾಕಿಲ್ವಾ?"

"ಮಾವ, ಎರಡು ಅಂಗ್ಡಿ ನಡುವಿನ ಗೋಡೆ ನೀವು ಕೊಯ್ಸಿದ್ರಾ?"

"ಹೂಂ. ಬಟ್ಟೆ ಅಂಗ್ಡಿಯೋರು ಒಂದೇ ಹಾಲ್ ಬೇಕಂದ್ರು. ಮಿಷಿನ್ ತಂದು ಬೆಣ್ಣೆ ಕೊಯ್ದಂಗೆ ಕೊಯ್ದುಬುಟ್ರು. ಕಂಬ ಒಂದೂ ಮುಟ್ಟಿಲ್ಲ. ಅಷ್ಟು ತಿಳಿಯಾಕಿಲ್ವಾ ನಂಗೆ? ನಾನು ನಿನ್ನ ಮಾವ ಕಣಮ್ಮಾ."

"ಕಂಬ ಭಾರ ಹೊರ್ತದೆ ಮಾವ. ಗಾಳಿ ತಡೆಯೋದು ಗೋಡೆ. ಉದ್ದದ ಗೋಡೇಲಿ ಬಾಯಿ ಕೊಯ್ದು ಎರಡು ತುಂಡು ಮಾಡಿದ್ರೆ, ಎರಡೂ ಸೇರಿ ಮೊದಲಿನ ಬಿಗಿ ಬರಾಕಿಲ್ಲ. ಕಾಲು ಭಾಗಾನೂ ಉಳಿಯಾಕಿಲ್ಲ. ಮೇಲಿನ ಮನೆಗಳು ತೂಗಾಡ್ತವೆ."

"ಬಿದ್ದೋಯ್ತದಾ?"

ಬೀಳುತ್ತದೆ ಎಂದು ಅವಳು ಸುಳ್ಳು ಹೇಳಿದರೆ ಇಲ್ಲಿಗೆ ಮುಗಿಯುತ್ತಿತ್ತು. "ಈ ಗಾಳಿಗೆ ಬೀಳಾಕಿಲ್ಲ. ದೊಡ್ಡ ಗಾಳಿ ಬಂದ್ರೆ ನಾನು ಜವಾಬು ಹೇಳಾಕಾಗಾಕಿಲ್ಲ."

"ಬೀಳಾಕಿಲ್ಲ ಅಂದ್ಮೇಲೆ ಬುಡು."

"ನನ್ನ ಒಂದು ಮಾತು ಕೇಳ್ಬಹುದಿತ್ತಲ್ಲ ಮಾವ."

"ಕೇಳಿದ್ರೆ ನೀನು ಬ್ಯಾಡ ಅಂತಿದ್ದೆ," ಎಂದರು ಮಾವ. ಹಾಗೆಂದು ನಗಲು ನೋಡಿದರು. ಅವಳು ನಗದಿದ್ದಾಗ ಅವರ ಮುಖ ಬಿಗಿಯಿತು.

ಸಂಘಕ್ಕೆ ಹೇಳಲೇಬೇಕು, ನಾಳೆಯೇ ಅಂಗಡಿ ಖಾಲಿ ಮಾಡಿಸಿ ಕಬ್ಬಿಣದ ಆಸರೆ ಕೊಡಬೇಕು ಎಂದು ಅವಳು ಹೇಳಿದಾಗ ಮಾವ ತಮಿಳಿಗೆ ತಿರುಗಿದರು. ವ್ಯಾಪಾರದವರೊಂದಿಗೆ ಆಡುವ ತಮಿಳು. "ಸರಿ, ಏನು ಮಾಡ್ಕೋಬೇಕೋ ಮಾಡ್ಕೊಳ್ಳಿ," ಎಂದರು, ಬಹುವಚನದಲ್ಲಿ. ಎತ್ತಿ ಆಡಿಸಿದ ಮಾವ ತನ್ನನ್ನು ನೀವು ಎಂದದ್ದು ಅವಳಿಗೆ ಬಸ್ಸಿನಲ್ಲಿ ಕೂತ ಮೇಲೆ ಚುಚ್ಚಿತು.

ಸುದ್ದಿ ಅವಳಿಗಿಂತ ಮೊದಲೇ ದಿಂಡಿಗಲ್ ಮುಟ್ಟಿತ್ತು. ಅವ್ವ ಪೊನ್ನಮ್ಮಾಳ್ ಅವಳ ಜೊತೆಯಲ್ಲೇ ಇದ್ದರು. ಬಾಗಿಲು ತೆಗೆದವರು ಮಾತಾಡಲಿಲ್ಲ. ತಟ್ಟೆ ಇಟ್ಟು, ಅನ್ನ ಬಡಿಸಿ, ಒಳಗೆ ಹೋದರು. ಮೂರು ಹೊತ್ತು ಹಾಗೆಯೇ ನಡೆದ ಮೇಲೆ ಕೊನೆಗೆ ಒಂದು ಮಾತು ಬಂತು: "ನನ್ನ ತವರಿಗೆ ಒಬ್ಬನೇ ಗಂಡು ಅವ್ನು. ಅವ್ನ ಮಾನ ಬೀದೀಲಿ ಇಡ್ತೀಯ? ಆ ಅಂಗ್ಡಿ ಮುಚ್ಚಿದ್ರೆ ಏನಾಗೋಯ್ತದೆ ಗೊತ್ತಾ ನಿಂಗೆ?"

"ಮುಚ್ಚದಿದ್ರೆ ಏನಾಗ್ತದೆ ಅಂತ ಗೊತ್ತು ಅವ್ವ," ಎಂದಳು ಅವಳು. ದನಿ ಏರಿಸಲು ತ್ರಾಣವಿರಲಿಲ್ಲ.

ಸೆಂದಿಲ್ ಮೆದು ಮನುಷ್ಯ. "ಬೇರೆ ಯಾರಾದ್ರೂ ಎಂಜಿನಿಯರ ಕೈಯಲ್ಲಿ ಹೇಳಿಸೋಣವಾ?" ಎಂದ. ಅವಳು ಬೇಡ ಎಂದಳು. ಬೇರೆಯವರು ಬಂದು ನೋಡಿ ಹೇಳುವವರೆಗೆ ಗಾಳಿ ಕಾಯುವುದಿಲ್ಲ.

ಭಾನುವಾರ ಬೆಳಿಗ್ಗೆ ಕಟ್ಟಡದ ಕೆಳಗೆ ಪಾರ್ಕಿಂಗಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳನ್ನು ಹಾಕಿ ಸಂಘದ ಸಭೆ ಕರೆದರು. ಮಣಿಮೇಗಲೈ ಎದ್ದು ನಡೆದದ್ದನ್ನು ನಡೆದಂತೆ ಹೇಳಿದಳು. ಯಾರ ಅಂಗಡಿ ಎಂದು ಹೇಳುವಾಗ, ಅವರು ನನ್ನ ಸೋದರಮಾವ ಎಂದೂ ಹೇಳಿದಳು. ಜನ ತಿರುಗಿ ನೋಡಿದರು. ಮಾವ ಬಿಳಿ ಅಂಗಿ, ಬಿಳಿ ಪಂಚೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತಿದ್ದರು. ಎದ್ದು ನಿಂತರು.

"ಡಿಸೈನ್ ಮಾಡಿದವರು ಇವರೇ," ಎಂದರು ತಮಿಳಿನಲ್ಲಿ. "ಲೆಕ್ಕ ತಪ್ಪಿದ್ದು ಇವರದು. ಈಗ ತಪ್ಪು ಹೊರಿಸೋಕೆ ಒಂದು ಗೋಡೆ ಸಿಕ್ಕಿತು."

ಗುಜುಗುಜು ಎದ್ದಿತು. ಹೌದಲ್ಲ ಎಂದರು ಕೆಲವರು. ಬಡಗಣ ತುದಿಯವರು, ನಮಗೆ ಏನೂ ಗೊತ್ತಾಗುತ್ತಿಲ್ಲ, ಇದೆಲ್ಲ ಸುಮ್ಮನೆ ಗಾಬರಿ, ನಾಳೆ ಮನೆ ಮಾರಲು ಹೋದರೆ ಕೊಳ್ಳುವವರು ಸಿಗಲ್ಲ ಎಂದರು. ಅವಳು ತಂದ ಲೆಕ್ಕದ ಹಾಳೆಗಳು ಮುಂದಿನ ಸಾಲಿನಲ್ಲಿ ಕೈಯಿಂದ ಕೈಗೆ ಹೋಗಿ, ಯಾರೂ ಓದದೆ, ಅವಳ ಮಡಿಲಿಗೇ ವಾಪಸು ಬಂದವು. ಉತ್ತರ ಕೊಡಬೇಕಿತ್ತು. ಇಪ್ಪತ್ತು ವರ್ಷ ಹೇಳಿದ್ದನ್ನೇ ಇನ್ನೊಂದು ಸಲ ಮೊದಲಿನಿಂದ ಹೇಳಬೇಕೆಂದರೆ ಅದು ಆಗದ ಕೆಲಸ ಅನ್ನಿಸಿತು. ಬಿದ್ದರೆ ಬೀಳಲಿ ಎಂಬ ಮಾತು ಒಂದು ಗಳಿಗೆ ಮನಸ್ಸಿನಲ್ಲಿ ಹಾದುಹೋಯಿತು. ಅದಕ್ಕೇ ಅವಳು ಹೆದರಿದಳು.

ಆಗ ಅಮುದಾ ಎದ್ದರು. ಗಂಡನ ಹೆಗಲು ಹಿಡಿದುಕೊಂಡು ನಿಂತು, ಮಾವನ ಕಡೆ ತಿರುಗಿ, "ಅಣ್ಣಾ, ಒಂದು ಸಲ ನಮ್ಮ ಮನೆಗೆ ಬಂದು ಒಂದು ಲೋಟ ಮಜ್ಜಿಗೆ ಕುಡಿದು ಹೋಗಿ. ಆಮೇಲೆ ನೀವು ಹೇಳಿದ ಹಾಗೆ," ಎಂದರು.

ಮನೆಗೆ ಕರೆದ ಹೆಣ್ಣುಮಗಳಿಗೆ ಇಲ್ಲ ಎನ್ನುವುದು ಮಾವನಿಗೆ ಗೊತ್ತಿರಲಿಲ್ಲ. ಲಿಫ್ಟಿನಲ್ಲಿ ಅವರು ಮಣಿಮೇಗಲೈಯ ಕಡೆ ನೋಡಲಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದರು. ಕೂತರು. ಅಮುದಾ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಹೋಗಿ, ಗೋಡೆ ಹಿಡಿದುಕೊಂಡೇ ಮಜ್ಜಿಗೆ ತಂದರು. ಮಾವ ಅದನ್ನು ಗಮನಿಸಿದರು. ಲೋಟ ತುಟಿಗೆ ಹೋಗುವಾಗ ಗಾಳಿ ಎದ್ದಿತು.

ಕಟ್ಟಡ ಸದ್ದಿಲ್ಲದೆ ತುಸು ಸರಿಯಿತು. ತುಸು ಹಿಂದಕ್ಕೆ ಬಂತು. ಮತ್ತೆ ಸರಿಯಿತು.

ಹುಟ್ಟಿದಂದಿನಿಂದ ಗಾಳಿಯಲ್ಲೇ ಬೆಳೆದ ಮನುಷ್ಯ. ಗೊನೆ ಹೊತ್ತ ಬಾಳೆ ಯಾವ ಗಾಳಿಗೆ ನಿಲ್ಲುತ್ತದೆ, ಯಾವುದಕ್ಕೆ ಮುರಿಯುತ್ತದೆ ಎಂದು ಕಂಡವರು. ಆದರೆ ಯಾವತ್ತೂ ಅವರು ನಿಂತ ನೆಲ ಅಲ್ಲಾಡಿರಲಿಲ್ಲ. ಲೋಟ ಕೆಳಗಿಟ್ಟರು. ಕುರ್ಚಿಯಿಂದ ಇಳಿದು ನೆಲದ ಮೇಲೆ ಕೂತು, ಅಂಗೈಯನ್ನು ಟೈಲ್ಸಿನ ಮೇಲೆ ಊರಿದರು. ಬಹಳ ಹೊತ್ತು ಹಾಗೇ ಕೂತರು.

"ಎಷ್ಟು ದಿನದಿಂದ ಹಿಂಗಿದೆ ಅಮ್ಮಾ?" ಎಂದು ಅಮುದಾರನ್ನು ಕೇಳಿದರು.

"ಹೋದ ಆಡಿಯಿಂದ ಅಣ್ಣಾ."

"ಅಂಗಡಿ ತೆರೆದದ್ದು ವೈಕಾಸಿಯಲ್ಲಿ," ಎಂದು ಮಾವ ತಮಗೆ ತಾವೇ ಹೇಳಿಕೊಂಡರು. ವೈಕಾಸಿ ಕಳೆದು ಒಂದೇ ತಿಂಗಳಿಗೆ ಆಡಿ. ಉಳಿದ ಮಜ್ಜಿಗೆ ಕುಡಿದು, ಕೈ ಮುಗಿದು, ಮೆಟ್ಟಿಲಿನ ಕಡೆ ಹೋದರು. ಅಷ್ಟು ಮಹಡಿಯನ್ನೂ ಅವರು ನಡೆದೇ ಇಳಿದರು.

ಮರುದಿನ ಫೋನ್ ಬಂತು. "ಏನ್ ಮಾಡ್ಬೇಕು ಹೇಳು," ಎಂದರು. ಅಷ್ಟೇ. ಮನೆಯ ಮಾತಿನಲ್ಲೇ ಹೇಳಿದರು, ಆದರೆ ಕುಶಲ ಕೇಳಲಿಲ್ಲ.

ಮೊದಲು ಕಬ್ಬಿಣದ ಆಸರೆಗಳು ಬಂದವು. ಬಟ್ಟೆಯ ಶೋರೂಮಿನವರು ಬೈದುಕೊಂಡು ಸಾಮಾನು ಎತ್ತಿದರು. ಗಾಳಿ ತಗ್ಗಿದ ಮೇಲೆ, ಪುರಟ್ಟಾಸಿ ತಿಂಗಳಲ್ಲಿ, ಗೋಡೆಯ ಕೆಲಸ. ಕೊಯ್ದ ಅಂಚನ್ನು ಉಳಿಯಿಂದ ಒರಟು ಮಾಡಿಸಿ, ಸುತ್ತ ತೂತು ಕೊರೆದು, ಅಂಟು ತುಂಬಿ ಹೊಸ ಸರಳು ನೆಡಿಸಿದಳು. ಹಳೆಯದಕ್ಕೂ ಹೊಸದಕ್ಕೂ ಸಂದು ಬಿಡದ ಹಾಗೆ, ಒಣಗಿದಾಗ ಕುಗ್ಗದ ಕಾಂಕ್ರೀಟನ್ನು ಮೇಲಿನ ಬಾಯಿಯಿಂದ ತುಂಬಿಸಿದಳು. ಪ್ರತಿ ತೂತನ್ನೂ ಅವಳೇ ನಿಂತು ನೋಡಿದಳು. ದಿಂಡಿಗಲ್ಲಿನಿಂದ ಮುಂಜಾನೆ ಹೊರಟು, ಸಂಜೆ ಬಸ್ಸಿನಲ್ಲಿ ತೂಕಡಿಸುತ್ತ ಬರುವುದು. ಮಾವ ಒಂದೆರಡು ಸಲ ಬಂದು ದೂರದಲ್ಲಿ ನಿಂತು ಹೋದರು. ನೆಂಟರಲ್ಲಿ ಅರ್ಧ ಜನ, ಓದಿಸಿದ ಮಾವನಿಗೇ ತಿರುಗಿಬಿದ್ದವಳು ಎಂದರು. ಒಂದು ಕಿವಿ ಚುಚ್ಚುವ ಸಮಾರಂಭಕ್ಕೆ ಅವಳನ್ನು ಕರೆಯಲು ಮರೆತರು. ಅವ್ವ ಒಬ್ಬರೇ ಹೋಗಿ ಬಂದರು; ಬಂದವರು, ಅಲ್ಲಿ ಕೊಟ್ಟ ತಾಂಬೂಲದಿಂದ ಒಂದು ಬಾಳೆಹಣ್ಣು ತೆಗೆದು ಅವಳ ಮೇಜಿನ ಮೇಲಿಟ್ಟು ಮಲಗಲು ಹೋದರು.

ಮುಂದಿನ ಆಡಿ ಬಂತು. ಗಾಳಿ ಎಂದಿನಂತೆ ಬಂತು. ಮಣಿಮೇಗಲೈ ಫೋನ್ ಹಿಡಿದುಕೊಂಡು ಹದಿಮೂರನೇ ಮಹಡಿಗೆ ಹೋದಳು. ಗೆರೆ ಪೂರ್ತಿ ನೆಟ್ಟಗಾಗಿರಲಿಲ್ಲ, ಆದರೆ ಬಡಗಣ ತುದಿಯ ಮನೆಯ ಗೆರೆಗೂ ಇದಕ್ಕೂ ಈಗ ಹೆಚ್ಚು ಭೇದವಿರಲಿಲ್ಲ. ಹೊಲಿದ ಬಟ್ಟೆ ಹೊಸ ಬಟ್ಟೆಯಾಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅದನ್ನೂ ಅವರಿಗೆ ಹೇಳಿದಳು.

"ಎತ್ತರದ ಮನೆ ಅಂದ ಮೇಲೆ ಇಷ್ಟು ಇದ್ದೇ ಇರುತ್ತದೆ ಅಮ್ಮಾ. ಇದು ಲೆಕ್ಕದೊಳಗಿನದು."

"ಗೊತ್ತಾಗೋದೇ ಇಲ್ಲ ಕಂದಾ," ಎಂದರು ಅಮುದಾ. ಗೋಡೆ ಹಿಡಿಯದೆ ನಡೆದು ಹೋಗಿ ಕಾಫಿ ತಂದರು. ಮಾತ್ರೆ ಬಿಟ್ಟು ತಿಂಗಳುಗಳಾಗಿದ್ದವಂತೆ. ರಾಜೇಂದ್ರನ್ ಹೆಂಡತಿಯ ಕೈಯಿಂದ ತಟ್ಟೆ ತೆಗೆದುಕೊಂಡು ತಾವೇ ಕೊಟ್ಟರು. ಅಷ್ಟು ಮಾತ್ರ ಅವರ ಕೈಲಿ ಆಗುತ್ತಿತ್ತು ಅನ್ನಿಸುತ್ತದೆ.

ಮಧ್ಯಾಹ್ನ ಅವಳು ಕೆಳಗೆ ಬಂದಾಗ ಹೊರಗೆ ದೂಳೆದ್ದಿತ್ತು. ಎರಡು ಅಂಗಡಿಗಳಲ್ಲಿ ಒಂದು ಖಾಲಿ. ಇನ್ನೊಂದರಲ್ಲಿ ಪಳನಿಸಾಮಿ ಮಾವ ಸಣ್ಣದಾಗಿ ಹಣ್ಣಿನ ಮಳಿಗೆ ಇಟ್ಟಿದ್ದರು. ಒಬ್ಬ ಆಳು ಬಾಳೆಗೊನೆಗಳನ್ನು ಹಗ್ಗಕ್ಕೆ ಕಟ್ಟುತ್ತಿದ್ದ. ಅವಳು ತಲೆ ತಗ್ಗಿಸಿ ದಾಟಿಹೋಗಲು ನೋಡಿದಳು.

"ಮಣೀ," ಎಂದು ಕರೆದರು ಮಾವ. "ಉಂಡ್ಯಾ?"

"ಇಲ್ಲ ಮಾವ. ಬಸ್ಸಿಗೆ ಹೊತ್ತಾಯ್ತು."

"ಬಸ್ಸು ಇನ್ನೊಂದು ಬತ್ತದೆ. ಕೂತ್ಕೋ."

ಅವಳು ಕೂತಳು. ಮಾವ ಎದುರು ಹೋಟೆಲಿಗೆ ಆಳನ್ನು ಕಳಿಸಿದರು. ಗೋಡೆಯ ಮಾತು ಇಬ್ಬರೂ ಎತ್ತಲಿಲ್ಲ. ಈ ಸಲ ನಾಡುಬಾಳೆ ಚೆನ್ನಾಗಿ ಬಂದಿಲ್ಲ ಎಂದರು ಮಾವ. ಹೂಂ ಎಂದಳು. ಅವ್ವನ ಬೆನ್ನುನೋವು ಹೇಗಿದೆ ಎಂದರು. ಹಾಗೇ ಇದೆ ಎಂದಳು. ಅಂಗಡಿಯೊಳಗೆ ಗಾಳಿ ಇರಲಿಲ್ಲ. ಹಣ್ಣಿನ ಬೆಚ್ಚನೆಯ ವಾಸನೆ ಇತ್ತು. ಕಣ್ಣು ಯಾವಾಗ ಮುಚ್ಚಿತೋ ಅವಳಿಗೆ ಗೊತ್ತಾಗಲಿಲ್ಲ.

ಎಚ್ಚರವಾದಾಗ ಬಿಸಿಲು ಓರೆಯಾಗಿತ್ತು. ಊಟದ ಪೊಟ್ಟಣ ಬಾಳೆಲೆಯೊಳಗೆ ಆರಿ ಅವಳ ಪಕ್ಕದಲ್ಲಿತ್ತು. ದೂಳು ಒಳಗೆ ಬಾರದ ಹಾಗೆ ಯಾರೋ ಷಟರನ್ನು ಅರ್ಧಕ್ಕೆ ಇಳಿಸಿದ್ದರು. ಷಟರಿನ ಆಚೆ ಮಾವ ಫುಟ್‌ಪಾತಿನ ಮೇಲೆ ಸ್ಟೂಲು ಹಾಕಿಕೊಂಡು, ದೂಳಿಗೆ ಟವೆಲಿನಿಂದ ಮೂಗು ಮುಚ್ಚಿ, ಗಿರಾಕಿಯೊಬ್ಬನಿಗೆ ಮೆಲುದನಿಯಲ್ಲಿ ಹಣ್ಣು ತೂಗುತ್ತಿದ್ದರು.